ಅಗ್ಗದ ಹಗ್ಗ

ನಮ್ಮಜ್ಜಿ ಹೊಸಕೋಟೆ ಕಡೆಯೋರು. ಅವರ ಬಾಯಲ್ಲಿ ಹಕಾರ ನಿಲ್ತಾನೇ ಇರಲಿಲ್ಲ. ಹಾಲು ಆಲಾಗ್ತಿತ್ತು, ಹೂವು ಊವಾಗ್ತಿತ್ತು, ಹಗ್ಗ ಅಗ್ಗ ಆಗ್ತಿತ್ತು. "ಸಂತೇಲಿ ಬಾವಿಗೆ ಒಂದು ಅಗ್ಗ ತಗಂಬಾ" ಅಂತ ತಾತನಿಗೆ ಹೇಳಿ ಕಳಿಸಿದ್ರೆ, ತಾತ ಬಾಗಿಲಲ್ಲೇ ನಿಂತು "ಅಗ್ಗದ್ ತರ್ಲೋ, ಗಟ್ಟಿದ್ ತರ್ಲೋ?" ಅಂತ ರೇಗಿಸೋರು. ಚಿಕ್ಕವಳಿದ್ದಾಗ ಕೇಳಿ ನಗ್ತಿದ್ದೆ. ಹೋದ ವರ್ಷ ನಾನೇ ನಿಜವಾಗಲೂ ಅಗ್ಗದ ಹಗ್ಗ ತಂದು ಮಗಳ ಕೈಗೆ ಕೊಟ್ಟ ಮೇಲೆ ಆ ಮಾತಿಗೆ ನಗು ಬರ್ತಿಲ್ಲ.

ನಮ್ಮ ಪುಟ್ಟಿ ಹಲಸೂರು ಕೆರೇಲಿ ಹಾಯಿದೋಣಿ ಕಲೀತಿರೋದು ನಿಮ್ಮಲ್ಲಿ ಸುಮಾರು ಜನಕ್ಕೆ ಗೊತ್ತು. ಎದುರು ಮನೆ ಅಕ್ಕ ಮಾತ್ರ ಇವತ್ತಿಗೂ "ನಿಮ್ಮ ಹುಡುಗಿ ಬೋಟಿಂಗಿಗೆ ಹೋಗ್ತಾಳಲ್ಲ" ಅಂತಾರೆ. ಅದು ಬೋಟಿಂಗ್ ಅಲ್ಲ ಕಣಕ್ಕ. ಪೆಡಲೂ ಇಲ್ಲ, ಇಂಜಿನ್ನೂ ಇಲ್ಲ. ಒಂದು ಕಂಬ, ಒಂದು ಬಟ್ಟೆ, ಬೀಸೋ ಗಾಳಿ, ಒಂದಷ್ಟು ಹಗ್ಗ, ಅಷ್ಟೇ. ದೋಣಿ ಜಾತಿ ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕ್ಲಾರ್ಕ್ ಮಿಲ್ಸ್ ಅನ್ನೋರು ಮಕ್ಕಳಿಗೇ ಅಂತ ಮಾಡಿದ್ದು. ಉದ್ದ ಏಳೂವರೆ ಅಡಿ, ಮೂತಿ ಚಪ್ಪಟೆ, ಮೊದಲ ಸಲ ನೋಡಿದಾಗ ಹಿಟ್ಟು ಕಲಸೋ ಹರಿವಾಣ ನೀರಲ್ಲಿ ತೇಲ್ತಿದೆ ಅನ್ನಿಸ್ತು. 15 ವರ್ಷದವರೆಗೆ ಮಾತ್ರ ಮಕ್ಕಳು ಇದರಲ್ಲಿ ಪಂದ್ಯ ಆಡಬಹುದು. ಪುಟ್ಟಿಗೆ ಈಗ ಹನ್ನೆರಡು.

ನಮ್ಮ ಹಲಸೂರಿಗೆ ಇದು ಹೊಸದೇನಲ್ಲ. ಮದ್ರಾಸ್ ಸ್ಯಾಪರ್ಸ್ ಸೈನಿಕರು ಈ ಕೆರೇಲಿ ಹಾಯಿ ಬಿಚ್ಚೋದನ್ನ ನಾವು ಚಿಕ್ಕವರಿದ್ದಾಗಿಂದ ನೋಡಿದೀವಿ. ಸೇನೆಯ ಇಂಜಿನಿಯರುಗಳು 1985ರಲ್ಲಿ ತೃಷ್ಣಾ ಅನ್ನೋ ಹಾಯಿದೋಣಿ ಹತ್ತಿ ಪ್ರಪಂಚ ಸುತ್ತಿ 1987ರಲ್ಲಿ ವಾಪಸ್ ಬಂದ್ರು. ಕೆರೆ ದಡದ ಕ್ಲಬ್ಬಿಗೂ ಅದೇ ಹೆಸರು. ಪುಟ್ಟಿ ಗೋಡೆಗೆ ಅಂಟಿಸಿಕೊಂಡಿರೋದು ಮಾತ್ರ ತಾರಿಣಿ ಚಿತ್ರ. ನೌಕಾಪಡೆಯ ಆರು ಜನ ಹೆಣ್ಣುಮಕ್ಕಳು 2017ರಲ್ಲಿ ಗೋವಾದಿಂದ ಹೊರಟು, ಭೂಮಿ ಸುತ್ತಿ, ಮುಂದಿನ ವರ್ಷ ಮೇ ತಿಂಗಳಲ್ಲಿ ಗೋವಾಕ್ಕೇ ಬಂದ್ರಲ್ಲ, ಆ ದೋಣಿ.

ಇಂದಿರಾನಗರದಲ್ಲಿ ಒಬ್ಬರ ಮಗ ಬೆಳೆದು ದೊಡ್ಡವನಾದ ಅಂತ ಅವನ ಹಳೇ ದೋಣಿ ಮಾರ್ತಿದ್ರು. ನನ್ನ ಚೀಟಿ ದುಡ್ಡು ಎತ್ತಿ ಕೊಟ್ಟು ತಗೊಂಡ್ವಿ. ದೋಣಿ ಚೆನ್ನಾಗೇ ಇತ್ತು. ಹಗ್ಗಗಳು ಮಾತ್ರ ಒಣಗಿ ಮುದ್ದೆ ಕೋಲಿನ ಹಾಗೆ ಬಿರುಸಾಗಿದ್ವು. ಕಲಿಸೋ ಮೇಷ್ಟ್ರು "ಎಲ್ಲಾ ಬದಲಾಯಿಸಿಬಿಡಿ ಅಮ್ಮ" ಅಂತ ಒಂದು ಚೀಟಿ ಬರೆದುಕೊಟ್ರು. ಹೊರದೇಶದ ಮಾಲಾದ್ರೆ ಸುಮಾರು 4,600 ರೂಪಾಯಿ ಆಗುತ್ತೆ ಅಂದ್ರು. ನಮ್ಮನೆಯವರ ಹತ್ರ 4,600 ಈಸ್ಕೊಂಡೆ. ಈಸ್ಕೊಂಡು ಶಿವಾಜಿನಗರಕ್ಕೆ ಹೋದೆ.

ಆ ಚೀಟೀಲಿ ಮೊದಲನೇದು "ಮೇನ್‌ಶೀಟ್, 8 ಮೀಟರ್" ಅಂತಿತ್ತು. ರಸೆಲ್ ಮಾರ್ಕೆಟ್ ಹಿಂದಿನ ಒಂದು ಓಣೀಲಿ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಶೀಟ್ ಕೊಡಿ, ಎಂಟು ಮೀಟರ್" ಅಂದೆ. ಅವನು ನೀಲಿ ಟಾರ್ಪಾಲು ಬಿಚ್ಚಿ ಹಾಸಿಬಿಟ್ಟ! "ಮಳೆಗಾ ಅಮ್ಮ, ಮದುವೆಗಾ?" ಅಂತ ಬೇರೆ ಕೇಳಿದ. ಅಲ್ಲಿಂದಲೇ ಮೇಷ್ಟ್ರಿಗೆ ಫೋನ್ ಮಾಡಿದ ಮೇಲೆ ಗೊತ್ತಾಯ್ತು, ದೋಣಿಯೋರ ಭಾಷೇಲಿ ಶೀಟ್ ಅಂದ್ರೆ ಹಾಸೋದೂ ಅಲ್ಲ ಹೊದೆಯೋದೂ ಅಲ್ಲ, ಹಾಯಿಯನ್ನ ಎಳೆಯೋ, ಬಿಡೋ ಹಗ್ಗ. ಎರಡನೇದು "ಪೇಂಟರ್." ಸುಣ್ಣ ಬಣ್ಣ ಬಳಿಯೋನು ಯಾಕೆ ಬೇಕು ಅಂದ್ಕೊಂಡೆ. ಅದು ದೋಣಿ ಮೂತಿಗೆ ಕಟ್ಟಿರೋ ಹಗ್ಗವಂತೆ, ಗಾಳಿ ಬಿದ್ದುಹೋದ್ರೆ ಇಂಜಿನ್ ದೋಣಿ ಅದನ್ನ ಹಿಡ್ಕೊಂಡು ಎಳ್ಕೊಂಡು ಬರುತ್ತೆ.

ಅಂಗಡಿಯವನು ಕೆಜಿ ಲೆಕ್ಕದಲ್ಲಿ ಹಗ್ಗ ತೂಗ್ತಿದ್ದ. ನೀಲಿ ಪ್ಲಾಸ್ಟಿಕ್ ಹಗ್ಗ ಹಗುರ, ಹಾಗಾಗಿ ಕೆಜಿಗೆ ಮಾರುದ್ದ ಮಾರುದ್ದ ಬರುತ್ತೆ. ನಮ್ಮ ಲೆಕ್ಕಾಚಾರ ನಿಮಗೆ ಗೊತ್ತಲ್ಲ, ಸೊಪ್ಪು ತಗೊಂಡ್ರೂ ಕಟ್ಟು ದಪ್ಪ ಇರೋದನ್ನೇ ಹುಡುಕ್ತೀವಿ. ಎಳೆಯೋ ಹಗ್ಗಕ್ಕೆ ನೀಲೀದು ತಗೊಂಡೆ. ಮೂತಿಗೆ ಗಟ್ಟಿ ಇರಲಿ ಅಂತ ಹೊಳೆಯೋ ಬಿಳೀ ನೈಲಾನ್. ಮಿಕ್ಕಿದ ಸಣ್ಣಪುಟ್ಟ ಕಟ್ಟೋದಕ್ಕೆಲ್ಲ ಅದೇ ನೈಲಾನಿನ ಸಣ್ಣ ದಾರ. ಎಲ್ಲಾ ಸೇರಿ 540 ರೂಪಾಯಿ. ಬರ್ತಾ ಒಂದು ಪ್ಲೇಟ್ ಸಮೋಸ ತಿಂದೆ. ಮಿಕ್ಕ ದುಡ್ಡನ್ನ ಮುಂದಿನ ಚೀಟಿ ಕಂತಿಗೆ ಅಂತ ಅಕ್ಕಿ ಡಬ್ಬಿಗೆ ಸೇರಿಸಿದೆ. ಮನೇಲಿ "ಚೀಟೀಲಿರೋ ಪ್ರಕಾರ ಎಲ್ಲಾ ತಂದಿದೀನಿ" ಅಂದೆ. ನಮ್ಮನೆಯವರೂ ಇದನ್ನ ಓದ್ತಾರೆ, ಓದ್ಲಿ.

ಮೇಷ್ಟ್ರು ಆ ವಾರ ಊರಲ್ಲಿರಲಿಲ್ಲ. ಹಗ್ಗ ನಾನೂ ಪುಟ್ಟಿನೂ ಸೇರಿ ಕಟ್ಟಿದ್ವಿ. ಭಾನುವಾರ ಅವಳು ಕೆರೆಗಿಳಿದ್ಲು, ನಾನು ದಡದಲ್ಲಿ ಮರದ ಕೆಳಗೆ ಕೂತಿದ್ದೆ.

ಹಲಸೂರು ಕೆರೆ ಗಾಳಿ ಒಂದು ಥರಾ ಅತ್ತೆ ಇದ್ದ ಹಾಗೆ. ಸುತ್ತ ಕಟ್ಟಡ, ಮರ, ನಡುವೆ ನಡುಗಡ್ಡೆಗಳು. ಗಾಳಿ ಒಂದೇ ಸಮ ಬೀಸಲ್ಲ. ಹತ್ತು ನಿಮಿಷ ಸುಮ್ಮನಿದ್ದು, ಎಲ್ಲಿಂದಲೋ ಸಂದೀಲಿ ನುಗ್ಗಿ ಒಂದೇಟು ಹೊಡೆಯುತ್ತೆ. ಆ ಏಟು ಬಂದ ಕ್ಷಣ ಮಗು ಕೈಯಲ್ಲಿರೋ ಹಗ್ಗ ಸಡಿಲ ಬಿಡಬೇಕು. ಬಿಟ್ರೆ ಹಾಯಿ ಗಾಳಿಯನ್ನ ಉಗುಳಿಬಿಡುತ್ತೆ, ದೋಣಿ ನೆಟ್ಟಗಾಗುತ್ತೆ. ಅವತ್ತು ಏಟು ಬಂತು, ಪುಟ್ಟಿ ಹಗ್ಗ ಬಿಟ್ಲು, ಹಗ್ಗ ಹೋಗಲಿಲ್ಲ. ಆ ನೀಲಿ ಹಗ್ಗ ಹೊಸೆದದ್ದು. ಎಳೆದೂ ಬಿಟ್ಟೂ ಮಾಡಿದ ಹಾಗೆಲ್ಲ ತಿರುಚಿಕೊಂಡು ಕುಣಿಕೆ ಕುಣಿಕೆ ಆಗಿತ್ತು. ಒಂದು ಕುಣಿಕೆ ರಾಟೇಲಿ ಸಿಕ್ಕಿಕೊಂಡಿದೆ. ದೋಣಿ ಮಗುಚಿತು.

ಲೈಫ್ ಜಾಕೆಟ್ ಇತ್ತು, ಪುಟ್ಟಿಗೆ ಈಜು ಬರುತ್ತೆ, ಮಗುಚಿದ ದೋಣಿ ಎತ್ತೋದನ್ನೂ ಕಲಿಸಿದಾರೆ. ಎತ್ತಿದ್ಲು, ಒಳಗೆ ಹತ್ತಿ ನೀರು ಮೊಗೆದು ಹಾಕಿದ್ಲು. ಅಷ್ಟರಲ್ಲಿ ಕಾವಲು ದೋಣಿ ಬಂತು. ಎಳ್ಕೊಂಡು ಹೋಗೋಣ ಅಂತ ಮೂತಿ ಹಗ್ಗ ಹುಡುಕಿದ್ರೆ ಅದು ಕಾಣಿಸ್ತಾನೇ ಇಲ್ಲ. ನನ್ನ ಹೊಳೆಯೋ ಬಿಳೀ ನೈಲಾನ್ ಮುಳುಗಿ, ದೋಣಿ ತಳದಲ್ಲಿ ನೀರೊಳಕ್ಕೆ ಇಳಿಬಿಟ್ಟಿರೋ ಹಲಗೆಗೆ ಸುತ್ತಿಕೊಂಡಿತ್ತು. ಬಿಡಿಸೋಕೆ ಎಷ್ಟು ಹೊತ್ತಾಯ್ತೋ ನಾನು ಗಡಿಯಾರ ನೋಡಲಿಲ್ಲ. ಮರದ ಬೇರು ಹಿಡ್ಕೊಂಡು ನಿಂತಿದ್ದೆ ಅನ್ನೋದು ಮಾತ್ರ ನೆನಪಿದೆ.

ದಡಕ್ಕೆ ಬಂದು "ಏನೂ ಆಗಿಲ್ಲಮ್ಮ" ಅಂದ್ಲು. ರಾತ್ರಿ ಊಟಕ್ಕೆ ಕೂತಾಗ ಸಾರನ್ನ ಚಮಚದಲ್ಲಿ ತಿಂತಿದ್ಲು. ನಮ್ಮನೇಲಿ ಯಾರೂ ಸಾರನ್ನ ಚಮಚದಲ್ಲಿ ತಿನ್ನಲ್ಲ. ಕೈ ಹಿಡಿದು ತಿರುಗಿಸಿ ನೋಡಿದ್ರೆ ಅಂಗೈಯಲ್ಲಿ ಎರಡು ಗೆರೆ ಸುಲಿದುಹೋಗಿದೆ. ಆ ನೀಲಿ ಹಗ್ಗದ ಎಳೆಗಳು ಬಿರುಸು, ಒದ್ದೆ ಕೈಗೆ ಉಪ್ಪುಕಾಗದದ ಹಾಗೆ. ಖಾರ ಉರಿಯುತ್ತೆ ಅಂತ ಚಮಚ. "ಕೆರೆ ಸಹವಾಸ ಸಾಕು, ದೋಣಿ ಮಾರಿಬಿಡೋಣ" ಅಂದ್ರು ನಮ್ಮನೆಯವರು. ಪುಟ್ಟಿ ತಟ್ಟೆ ನೋಡ್ತಾ ಕೂತಿದ್ಲು. ಅಕ್ಕಿ ಡಬ್ಬಿ ಅಡುಗೆಮನೇಲಿ ನನ್ನ ಬೆನ್ನ ಹಿಂದೆನೇ ಇತ್ತು.

ಅವತ್ತು ರಾತ್ರಿ ನಿದ್ದೆ ಬರದೆ ಅಜ್ಜಿ ಮನೆ ಹಗ್ಗಗಳನ್ನೆಲ್ಲ ಲೆಕ್ಕ ಹಾಕಿದೆ. ಬಾವಿಗೆ ತೆಂಗಿನ ನಾರಿನ ಹಗ್ಗ, ನೀರು ಬಿದ್ದಷ್ಟೂ ಕೊಳೆಯದೆ ಬಾಳುತ್ತೆ, ಒದ್ದೆ ಕೈಯಲ್ಲಿ ಜಾರಲ್ಲ. ತೊಟ್ಟಿಲಿಗೆ ನೂಲಿನ ಹಗ್ಗ. ಹಸುವಿನ ಮೂಗುದಾರ ಮೆತ್ತಗಿರಬೇಕು, ಅದಕ್ಕೂ ನೂಲೇ. ಹೊರೆ ಕಟ್ಟೋದಕ್ಕೆ ಕತ್ತಾಳೆ ನಾರು. ಬಾವಿ ಹಗ್ಗ ತಂದು ಮೂಗುದಾರ ಮಾಡು ಅಂದಿದ್ರೆ ಅಜ್ಜಿ ನನ್ನನ್ನೇ ಕಟ್ಟಿಹಾಕ್ತಿದ್ರು. ನಾನು ಮಾಡಿದ್ದು ಅದೇ. (ನಾರಿನ ಹಗ್ಗ ಅಂದ್ರೆ ಸದರ ಅಂದ್ಕೋಬೇಡಿ. 2025ರ ಮೇನಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಅನ್ನೋ ಹಡಗಿನ ಹಲಗೆಗಳನ್ನ ಮೊಳೆ ಹೊಡೆಯದೆ, ತೆಂಗಿನ ನಾರಿನ ಹುರೀಲೇ ಹೊಲಿದಿರೋದು. ಹಳೇ ಕಾಲದ ರೀತಿ.)

ಬೆಳಿಗ್ಗೆ ಇಂದಿರಾನಗರಕ್ಕೆ ಹೋದೆ. ಈ ಸಲ ಉಲ್ಟಾ ತಪ್ಪು ಮಾಡೋದರಲ್ಲಿದ್ದೆ, ದುಬಾರಿ ಆದ್ರೆ ಒಳ್ಳೇದೇ ಇರುತ್ತೆ ಅಂತ. ಬೆಟ್ಟ ಹತ್ತೋರ ಸಾಮಾನು ಮಾರೋ ಅಂಗಡೀಲಿ ಬಣ್ಣ ಬಣ್ಣದ ಹಗ್ಗ ನೋಡಿ ಕೈ ಹಾಕ್ದೆ. ಅಲ್ಲಿದ್ದ ಹುಡುಗಿ ಒಳ್ಳೇಳು, ಯಾವುದಕ್ಕೆ ಅಂತ ಕೇಳಿ, "ಆಂಟಿ, ಇದು ಬೇಕೂ ಅಂತಲೇ ಹಿಗ್ಗೋ ಹಗ್ಗ" ಅಂದ್ಲು. ಬಂಡೆ ಹತ್ತೋರು ಜಾರಿ ಬಿದ್ದಾಗ ಹಗ್ಗ ಹಿಗ್ಗಿದ್ರೇನೇ ಸೊಂಟ ಉಳಿಯೋದಂತೆ. ದೋಣಿಗೆ ಹಿಗ್ಗಬಾರದು. ಮೀಟರಿಗೆ ಅಷ್ಟೊಂದು ಕೊಟ್ಟು ಬರ್ತಿದ್ದೆನಲ್ಲ ಅಂತ ಅವಳಿಗೆ ಮನಸಲ್ಲೇ ಕೈ ಮುಗಿದೆ.

ಆ ಸಂಜೆ ಮೇಷ್ಟ್ರು ಊರಿಂದ ಬಂದ್ರು. ಬೈಯಲಿಲ್ಲ. ನಾಲ್ಕು ಥರದ ಹಗ್ಗದ ತುಂಡು ಕೊಟ್ಟು "ಮನೇಲೇ ನೋಡಿ ಅಮ್ಮ" ಅಂದ್ರು. ಇಲ್ಲಿಂದ ಮುಂದೆ ಸ್ವಲ್ಪ ಗಮನ ಇಟ್ಟು ಓದಿ, ಬಟ್ಟೆ ಒಣಗಿಸೋ ಹಗ್ಗ ತಗೋಳೋರಿಗೂ ಉಪಯೋಗಕ್ಕೆ ಬರುತ್ತೆ.

ಒಂದು ಸ್ಟೀಲ್ ಲೋಟದಲ್ಲಿ ನೀರು ತಗೊಂಡು ಎರಡೆರಡು ಇಂಚಿನ ತುಂಡು ಹಾಕ್ದೆ. ಹಾಕೋ ಮುಂಚೆ ನೀರೊಳಗೇ ಬೆರಳಲ್ಲಿ ಚೆನ್ನಾಗಿ ಹಿಂಡಬೇಕು. ಇಲ್ಲದಿದ್ರೆ ಎಳೆಗಳ ನಡುವೆ ಗಾಳಿ ಸೇರ್ಕೊಂಡು ಮುಳುಗೋದೂ ತೇಲುತ್ತೆ. ನೀಲಿ ಪ್ಲಾಸ್ಟಿಕ್, ಅಂದ್ರೆ ಪಾಲಿಪ್ರೊಪಿಲೀನ್, ತೇಲ್ತು. ನೈಲಾನ್ ಮುಳುಗ್ತು, ಪಾಲಿಯೆಸ್ಟರ್ ಇನ್ನೂ ಬೇಗ ಮುಳುಗ್ತು. ಡೈನೀಮಾ ಅಂತ ಒಂದು, ದುಬಾರೀದು, ಅದೂ ತೇಲ್ತು. ಮೂತಿ ಹಗ್ಗ ತೇಲಲೇಬೇಕು ಅಂತ ಈ ದೋಣಿಗಳ ನಿಯಮದಲ್ಲೇ ಬರೆದಿದೆಯಂತೆ: ತೇಲೋ ಹಗ್ಗ, ಗಂಟು ಹಾಕಿ ಜೋಡಿಸದ ಒಂದೇ ತುಂಡು, ದಪ್ಪ 5 ಮಿಲಿಮೀಟರಿಗೆ ಕಮ್ಮಿ ಇರಬಾರದು, ಉದ್ದ 8 ಮೀಟರಿಗೆ ಕಮ್ಮಿ ಇರಬಾರದು. ಅಂದ್ರೆ ನಾನು ಎಳೆಯೋದಕ್ಕೆ ಹಾಕಿದ್ದ ಜಾತಿ ಮೂತಿಗೆ ಸರಿ ಇತ್ತು. ಮೂತಿಗೆ ಹಾಕಿದ್ದು ಎಲ್ಲಿಗೂ ಸರಿ ಇರಲಿಲ್ಲ.

ಇನ್ನೊಂದು ಪರೀಕ್ಷೆ ಟೆರೇಸ್ ಮೇಲೆ. ಒಂದೇ ದಪ್ಪದ ಎರಡೆರಡು ಮೀಟರ್ ಹಗ್ಗ ನೀರಿನ ಟ್ಯಾಂಕಿನ ಕಂಬಿಗೆ ಕಟ್ಟಿ, ಕೆಳಗೆ 20 ಲೀಟರ್ ನೀರಿನ ಕ್ಯಾನ್ ನೇತುಹಾಕಿ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕ್ದೆ. ನೈಲಾನ್ ನಾಲ್ಕು ಬೆರಳು ಇಳೀತು. ಪಾಲಿಯೆಸ್ಟರ್ ಒಂದು ಬೆರಳು. ಡೈನೀಮಾ ಗುರುತು ಬಿಟ್ಟು ಅಲ್ಲಾಡಲಿಲ್ಲ. ಪಕ್ಕದ ಮನೆ ಚಿಕ್ಕಮ್ಮ ಬಟ್ಟೆ ಹರವೋಕೆ ಬಂದೋರು "ಇದೇನೇ ಯಾರಿಗೆ ನೇಣು" ಅಂತ ಗಾಬರಿ ಆದ್ರು. ಆಪ್ಟಿಮಿಸ್ಟ್ ಹಾಯಿಯ ಮೇಲ್ಮೂಲೆಯನ್ನ ಒಂದು ಓರೆ ಕೋಲು ಎತ್ತಿ ಹಿಡಿದಿರುತ್ತೆ, ಆ ಕೋಲನ್ನ ಒಂದು ಸಣ್ಣ ಹಗ್ಗ ಎಳೆದು ಹಿಡಿದಿರುತ್ತೆ. ಅದು ಹಿಗ್ಗಿದ್ರೆ ಕೋಲು ಜಾರುತ್ತೆ, ಹಾಯಿ ಮೇಲೆ ಓರೆಯಾಗಿ ನೆರಿಗೆ ಬೀಳುತ್ತೆ. ಬ್ಲೌಸಿನ ತೋಳು ತಪ್ಪು ಕೂಡಿಸಿದ್ರೆ ಕಂಕುಳಿಂದ ಒಂದು ನೆರಿಗೆ ಎದ್ದೇಳುತ್ತಲ್ಲ, ಥೇಟ್ ಹಾಗೆ. ಬಟ್ಟೆಯ ತಪ್ಪಲ್ಲ, ಎಳೆತದ ತಪ್ಪು.

ಆಮೇಲೆ ಮೆಟ್ರೋ ಹತ್ತಿ ಕೆ.ಆರ್.ಪುರಕ್ಕೆ ಹೋದೆ. ಹಳೇ ಮದ್ರಾಸ್ ರಸ್ತೇಲಿ ಲಾರಿಯೋರಿಗೆ ಹಗ್ಗ, ಟಾರ್ಪಾಲು ಮಾರೋ ಅಂಗಡಿ. ಈ ಸಲ ನಾನು ಶೀಟ್ ಅನ್ನಲಿಲ್ಲ. "ಅಣ್ಣ, ಹೊಸೆದದ್ದು ಬೇಡ, ಹೆಣೆದದ್ದು ಕೊಡಿ, ಪಾಲಿಯೆಸ್ಟರ್" ಅಂದೆ. ಹೆಣೆದ ಹಗ್ಗ ಜಡೆ ಇದ್ದ ಹಾಗೆ, ಎಷ್ಟು ಎಳೆದಾಡಿದ್ರೂ ತಿರುಚಿಕೊಳ್ಳಲ್ಲ. ಅಂಗಡಿಯಣ್ಣ ನನ್ನ ಮುಖ ನೋಡಿ ಮೂರು ಸುತ್ತು ಈಚೆಗೆ ತೆಗೆದಿಟ್ಟ. ನಾನು ಬ್ಯಾಗಿಂದ ನೀರಿನ ಬಾಟಲೂ ಲೋಟಾನೂ ತೆಗೆದೆ. ಅವನಿಗೆ ನಗು ತಡೆಯೋಕೆ ಆಗಲಿಲ್ಲ, ಆದ್ರೂ ತುಂಡು ಕತ್ತರಿಸಿ ಕೊಟ್ಟ.

ನೋಡಬೇಕಾದ್ದು ಇನ್ನೂ ಎರಡು ಮೂರಿದೆ. ಹಗ್ಗವನ್ನ ಎರಡು ಬೆರಳಲ್ಲಿ ಹಿಂಡಿದಾಗ ಮೇಲಿನ ಹೆಣಿಗೆ ಒಳಗಿನ ತಿರುಳಿನ ಮೇಲೆ ಜಾರಬಾರದು. ಸಡಿಲ ದಿಂಬುಗವಸಿನ ಹಾಗಿದ್ರೆ ರಾಟೇಲಿ ಮುದ್ದೆ ಆಗುತ್ತೆ. ಬಳೆ ಅಷ್ಟು ಚಿಕ್ಕದಾಗಿ ಸುತ್ತಿದ್ರೂ ಸುಲಭವಾಗಿ ಬಾಗಬೇಕು. ಮುಂಗೈ ಒಳಭಾಗಕ್ಕೆ ಉಜ್ಜಿ ನೋಡಬೇಕು, ಮಗುವಿನ ಸ್ನಾನದ ನೀರು ನೋಡ್ತೀವಲ್ಲ, ಅದೇ ಜಾಗ. ನಿಮಗೆ ಚುಚ್ಚಿದ್ರೆ ಮಗುವಿಗೆ ಸುಲಿಯುತ್ತೆ. ದಪ್ಪದ ವಿಷಯದಲ್ಲಿ ನಾನೂ ಮೇಷ್ಟ್ರೂ ಒಂದು ಸುತ್ತು ವಾದ ಮಾಡಿದ್ವಿ. ಹಲಸೂರಿನ ಸಣ್ಣ ಗಾಳಿಗೆ 6 ಮಿಲಿಮೀಟರ್ ಸಾಕು, ಹಗುರ ಇದ್ದಷ್ಟೂ ರಾಟೇಲಿ ಬೇಗ ಓಡುತ್ತೆ ಅಂದ್ರು ಅವರು. ಸಣ್ಣ ಹಗ್ಗ ಅಂಗೈ ಕೊಯ್ಯುತ್ತೆ ಅಂದೆ ನಾನು. ಇಬ್ಬರ ಮಾತೂ ನಿಜ. ಕೊನೆಗೆ 7ರದ್ದು ತಗೊಂಡೆ.

ಲೆಕ್ಕ ಹೇಳ್ತೀನಿ, ಮುಚ್ಚಿಡೋದು ಸಾಕಾಗಿದೆ. ಎಳೆಯೋ ಹಗ್ಗ ಎಂಟು ಮೀಟರ್ ಪಾಲಿಯೆಸ್ಟರ್ 360 ರೂಪಾಯಿ. ಮೂತಿಗೆ ಹೆಣೆದ ಪಾಲಿಪ್ರೊಪಿಲೀನ್ ಒಂಬತ್ತು ಮೀಟರ್ 150. ಹಾಯಿಯನ್ನ ಕಂಬಕ್ಕೆ ಬಿಗಿಯೋ ಸಣ್ಣ ಕಟ್ಟುಗಳಿಗೂ, ನೀರು ಮೊಗೆಯೋ ಡಬ್ಬಕ್ಕೂ ಸಣ್ಣ ಪಾಲಿಯೆಸ್ಟರ್ ಹುರಿ 120. ಆ ಓರೆ ಕೋಲು ಹಿಡಿಯೋದಕ್ಕೆ ಮಾತ್ರ ಡೈನೀಮಾ ತರಿಸ್ದೆ, ಮೂರು ಮೀಟರ್ 660, ಕೊರಿಯರ್ 100. ದುಬಾರಿ ಹಗ್ಗ ಬೇಕಾಗೋದು ಮೂರೇ ಮೀಟರಿಗೆ ಅಂದ ಮೇಲೆ ಅಲ್ಲಿ ಜಿಪುಣತನ ಯಾಕೆ? ರೇಷ್ಮೆ ಸೀರೆಗೆ ಒಳ್ಳೇ ಫಾಲ್ ಹಾಕಿಸೋ ಹಾಗೆ. ಒಟ್ಟು 1,390. ಶಿವಾಜಿನಗರದ 540 ಸೇರಿಸಿದ್ರೆ 1,930. ಅಕ್ಕಿ ಡಬ್ಬಿಯಿಂದ ಮಿಕ್ಕ 2,670 ತೆಗೆದು ನಮ್ಮನೆಯವರ ಮುಂದೆ ಇಟ್ಟು, ನಡೆದದ್ದೆಲ್ಲ ಹೇಳಿದೆ. ಅವರು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ಅದ್ಯಾವುದೋ ಕೈಗೆ ಹಾಕ್ಕೊಳೋ ಗ್ಲೌಸ್ ಬರುತ್ತಂತಲ್ಲ" ಅಂದ್ರು.

ಹಗ್ಗದ ತುದಿಗಳನ್ನ ನಾನೇ ಕಟ್ಟಿದೆ. ಮೇಣದಬತ್ತಿ ಉರಿಯಲ್ಲಿ ತುದಿ ಕರಗಿಸಿ, ಆರಿದ ಮೇಲೆ ಮೇಣ ಸವರಿದ ದಪ್ಪ ದಾರದಲ್ಲಿ ಬಿಗಿಯಾಗಿ ಸುತ್ತಿ, ಸೂಜಿ ಹಾಯಿಸಿ ಹೊಲಿದೆ. ಕರಗಿದ ತುದೀನ ಬಿಸಿ ಇರುವಾಗ ಮುಟ್ಟಬೇಡಿ, ಬೆಲ್ಲದ ಪಾಕದ ಹಾಗೆ ಅಂಟ್ಕೊಂಡು ಸುಡುತ್ತೆ. ಡೈನೀಮಾ ನುಣುಪು, ಸಾಮಾನ್ಯ ಗಂಟು ಜಾರಿ ಬಿಚ್ಕೊಳುತ್ತೆ, ಇನ್ನೊಂದು ಸುತ್ತು ಹೆಚ್ಚಿಗೆ ಹಾಕಬೇಕು. ಕೆರೆ ನೀರು ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ, ಎರಡು ವಾರಕ್ಕೆ ಹಗ್ಗ ಹಸಿರಾಗಿ ವಾಸನೆ ಬರುತ್ತೆ. ಹಳೇ ದಿಂಬಿನ ಕವರಿಗೆ ತುಂಬಿ, ಬಾಯಿ ಕಟ್ಟಿ, ಸ್ವಲ್ಪ ಸೋಪು ಹಾಕಿ ಮೆಷೀನಿಗೆ ಹಾಕ್ತೀನಿ. ಬ್ಲೀಚ್ ಮಾತ್ರ ಬೇಡ. ಒಣಗಿಸೋದು ನೆರಳಲ್ಲಿ.

ಆರು ತಿಂಗಳಾದ ಮೇಲೆ ಎಳೆಯೋ ಹಗ್ಗ ಒಂದೇ ಜಾಗದಲ್ಲಿ ಜುಂಗು ಎದ್ದಿತ್ತು, ರಾಟೆ ಮೇಲೆ ಯಾವಾಗಲೂ ಕೂರೋ ಜಾಗ. ಅಜ್ಜಿ ಬಾವಿ ಹಗ್ಗಕ್ಕೆ ಮಾಡ್ತಿದ್ದ ಹಾಗೆ ತಲೆಕೆಳಗು ಮಾಡಿ ಕಟ್ಟಿಸ್ದೆ, ಆ ತುದಿ ಈ ಕಡೆ, ಈ ತುದಿ ಆ ಕಡೆ. ಇನ್ನೊಂದು ಆರು ತಿಂಗಳು ಬರುತ್ತೆ. ಮೇಷ್ಟ್ರು ಈಗ ಬೇರೆ ಮಕ್ಕಳ ಅಮ್ಮಂದಿರಿಗೆ ನನ್ನ ನಂಬರ್ ಕೊಡ್ತಾರೆ, ಅದೊಂದು ಹೊಸ ಕಾಟ.

ಆ ನೀಲಿ ಹಗ್ಗ ಏನಾಯ್ತು ಅಂತ ಕೇಳ್ತೀರಾ? ಟೆರೇಸಲ್ಲಿ ಬಟ್ಟೆ ಒಣಗಿಸೋಕೆ ಕಟ್ಟಿದ್ದೆ. ಒಂದು ಬೇಸಿಗೆ ಬಿಸಿಲಿಗೆ ಪುಡಿ ಪುಡಿ ಉದುರೋಕೆ ಶುರುವಾಗಿ, ನಮ್ಮನೆಯವರ ಬಿಳೀ ಪಂಚೆಗೆಲ್ಲ ನೀಲಿ ಎಳೆ. ಹೆಣೆದದ್ದಾದ್ರೂ ದೋಣಿ ಮೂತೀದೂ ಅದೇ ಜಾತಿ, ಬಿಸಿಲಿಗೆ ಅದೇ ಗತಿ. ಅದಕ್ಕೇ ವರ್ಷಕ್ಕೊಂದು ಸಲ ಬದಲಾಯಿಸಬೇಕು, 150 ರೂಪಾಯಿಗೆ ಯಾರೂ ಅಳಬೇಡಿ.

ಮುಂದಿನ ತಿಂಗಳು ಪುಟ್ಟೀನ ಅಭ್ಯಾಸಕ್ಕೆ ಕೃಷ್ಣರಾಜಸಾಗರಕ್ಕೆ ಕರ್ಕೊಂಡು ಹೋಗ್ತಾರೆ. ಅಲ್ಲಿ ಬಯಲು ನೀರು, ಗಾಳಿ ಜೋರು, ಅದಕ್ಕೆ 8 ಮಿಲಿಮೀಟರಿಂದು ಬೇಕಾಗುತ್ತೆ. ಶನಿವಾರ ಬೆಳಿಗ್ಗೆ ಕೆ.ಆರ್.ಪುರಕ್ಕೆ ಹೊರಟಿದೀನಿ. ಹಲಸೂರು ಸ್ಟೇಷನ್ನಲ್ಲಿ ಹತ್ತು ಗಂಟೆಗೆ ಸಿಗ್ತೀನಿ. ತೊಟ್ಟಿಲಿಗೆ ಬೇಕೋ, ಉಯ್ಯಾಲೆಗೆ ಬೇಕೋ ಮೊದಲೇ ಹೇಳಿ, ಸಂತೆ ಸೊಪ್ಪೂ ತರೋರಿದ್ರೆ ದೊಡ್ಡ ಬ್ಯಾಗ್ ತನ್ನಿ. ಲೋಟ ನಾನು ತರ್ತೀನಿ.